ಗ್ಯಾರೆತ್ ಜೋನ್ಸ್ ಬರಲೇ ಇಲ್ಲ

1958ರ ನವೆಂಬರ್ 30, ಭಾನುವಾರ ರಾತ್ರಿ. ಬ್ರಿಟನ್ನಿನ ಟಿವಿಯಲ್ಲಿ ‘ಆರ್ಮ್‌ಚೇರ್ ಥಿಯೇಟರ್’ ಎಂಬ ವಾರದ ನಾಟಕದ ಹೊತ್ತು. ಅಂದಿನ ನಾಟಕ ‘ಅಂಡರ್‌ಗ್ರೌಂಡ್’. ಅಣುಬಾಂಬಿಗೆ ಲಂಡನ್ ಹಾಳಾಗಿದೆ, ನೆಲದಡಿಯ ರೈಲು ಸುರಂಗದಲ್ಲಿ ಒಂದಷ್ಟು ಜನ ಸಿಕ್ಕಿಬಿದ್ದಿದ್ದಾರೆ. ಅವರ ಪಾಡೇ ಕತೆ. ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಹಳೆಯ ಚಿತ್ರಮಂದಿರವೊಂದನ್ನು ಸ್ಟುಡಿಯೋ ಮಾಡಿಕೊಂಡಿದ್ದ ಎಬಿಸಿ ಎಂಬ ಟಿವಿ ಕಂಪನಿ ಅದನ್ನು ನೇರ ಪ್ರಸಾರ ಮಾಡುತ್ತಿತ್ತು.

ನೇರ ಅಂದರೆ ಅಪ್ಪಟ ನೇರ. ನಮ್ಮ ಕಂಪನಿ ನಾಟಕದಲ್ಲಾದರೆ ಎಡವಟ್ಟಾದಾಗ ಪರದೆ ಎಳೆಯಬಹುದು, ಹಾರ್ಮೋನಿಯಂ ಮಾಸ್ತರು ಇನ್ನೊಂದು ಹಾಡು ನುಡಿಸಿ ಹೊತ್ತು ನೂಕಬಹುದು. ಅಲ್ಲಿ ಅದಕ್ಕೆಡೆಯಿಲ್ಲ.

ವೇಲ್ಸಿನ ನಟ ಗ್ಯಾರೆತ್ ಜೋನ್ಸ್‌ಗೆ ಆಗ ಬರೀ 33 ವರ್ಷ. ಅವನ ಪಾತ್ರಕ್ಕೆ ನಾಟಕದಲ್ಲೇ ಹೃದಯಾಘಾತ ಬರೆದಿತ್ತಂತೆ. ವಿಧಿಯ ಕುಚೇಷ್ಟೆ ಅನ್ನಿ, ಇನ್ನೇನನ್ನಿ! ಆ ದೃಶ್ಯದ ಸರದಿ ಬರುವ ಮೊದಲೇ ನಿಜದ ಹೃದಯಾಘಾತವಾಗಿ ತೀರಿಕೊಂಡ. ಮೇಕಪ್ಪಿನಲ್ಲಿದ್ದಾಗ ಕುಸಿದ ಎನ್ನುವವರಿದ್ದಾರೆ. ಜೊತೆಗಿದ್ದ ನಟ ಪೀಟರ್ ಬೌಲ್ಸ್ ಹೇಳಿದ್ದು ಬೇರೆ: ಕ್ಯಾಮೆರಾ ಮುಂದೆ ತಾವು ಮಾತಾಡುತ್ತ ಅವನಿಗಾಗಿ ಕಾಯುತ್ತಿದ್ದರು, ಅವನು ತಮ್ಮತ್ತ ಬರುವುದೂ ಕಾಣುತ್ತಿತ್ತು, ನೋಡನೋಡುತ್ತ ಬಿದ್ದುಬಿಟ್ಟ. ಏನಾಯಿತೆಂದು ತಿಳಿಯದು, ಓಡಿಹೋಗಿ ಎತ್ತುವಂತೆಯೂ ಇಲ್ಲ. ಇಂಥವನು ಇಲ್ಲಿದ್ದಿದ್ದರೆ ಹೀಗೆ ಹೇಳುತ್ತಿದ್ದ ಎಂದು ಅವನ ಮಾತುಗಳನ್ನೂ ಉಳಿದ ನಟರೇ ಕಟ್ಟಿ ಆಡಿದರು.

ನಿರ್ದೇಶಕ ಟೆಡ್ ಕಾಚೆಫ್‌ಗೆ ಆಗ 27. ಫುಟ್‌ಬಾಲ್ ಪಂದ್ಯ ತೋರಿಸುವ ಹಾಗೆ ಚೆಂಡು ಹೋದಲ್ಲಿ ಕ್ಯಾಮೆರಾ ಹೋಗಲಿ ಎಂದು ನಿರ್ಮಾಪಕ ಸಿಡ್ನಿ ನ್ಯೂಮನ್ ಸೂಚಿಸಿದರೆಂಬ ಮಾತಿದೆ. ಕಾಚೆಫ್ ಕಂಟ್ರೋಲ್ ರೂಮಿನಿಂದ ಇಳಿದು ಬಂದು, ಯಾರು ಎಲ್ಲಿ ನಿಲ್ಲಬೇಕು, ಜೋನ್ಸ್‌ನ ಮಾತು ಯಾರ ಪಾಲಿಗೆ ಎಂದು ಹಂಚತೊಡಗಿದರು. ಮೇಲೆ ಕ್ಯಾಮೆರಾಗಳ ಹೊಣೆ ಹೊತ್ತವಳು ಸಹಾಯಕಿ ವೆರಿಟಿ ಲ್ಯಾಂಬರ್ಟ್. ಐದು ವರ್ಷದ ಮೇಲೆ ‘ಡಾಕ್ಟರ್ ಹೂ’ ಸರಣಿಯ ಮೊದಲ ನಿರ್ಮಾಪಕಿಯಾದವಳು ಇವಳೇ. ಕಾಚೆಫ್ ಮುಂದೆ ಹಾಲಿವುಡ್‌ನಲ್ಲಿ ‘ಫಸ್ಟ್ ಬ್ಲಡ್’ ತೆಗೆದರು.

ನಾಟಕ ಕೊನೆಯವರೆಗೂ ನಡೆಯಿತು.

ಆ ಕಾಲದ ನಟರ ಬಾಳೇ ಹಾಗಿತ್ತು. ಸಿನಿಮಾದಲ್ಲಿ ಸಣ್ಣಪುಟ್ಟ ವೇಷ, ನಡುವೆ ರಂಗಭೂಮಿ, ಟಿವಿಯವರು ಕರೆದರೆ ವಾರಗಟ್ಟಲೆ ತಾಲೀಮು. ಅಷ್ಟೂ ದುಡಿಮೆ ಒಂದೇ ರಾತ್ರಿ ಪ್ರಸಾರವಾಗಿ ಮುಗಿದುಹೋಗುತ್ತಿತ್ತು. ಅಂದಿನ ನಾಟಕದ ರೆಕಾರ್ಡಿಂಗೂ ಉಳಿದಿಲ್ಲ.

ಅಂದು ಅವರು ತೋರಿದ ಚಾಕಚಕ್ಯತೆಯನ್ನು ಈಗಲೂ ಮೆಚ್ಚುವವರಿದ್ದಾರೆ. ಚಾಕಚಕ್ಯತೆ ನಿಜ, ಒಪ್ಪುತ್ತೇನೆ. ಆದರೆ ನನ್ನನ್ನು ಕೇಳಿದರೆ, ಆ ರಾತ್ರಿ ನಾಟಕ ನಿಲ್ಲಿಸಬೇಕಿತ್ತು.