ಮಣಿ ನುಡಿದ ಸಾಕ್ಷಿ

ಹೈಸ್ಕೂಲಿನ ದಿನಗಳಲ್ಲಿ ರೈಡರ್ ಹ್ಯಾಗರ್ಡನ ‘ಕಿಂಗ್ ಸಾಲೊಮನ್ಸ್ ಮೈನ್ಸ್’ ಕಾದಂಬರಿಯನ್ನು ಓದಿ ಮುಗಿಸಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಯಾವುದೋ ಪರದೇಶದ ಪ್ರಾಚೀನ ಜನಾಂಗವು ಆಫ್ರಿಕದ ಒಡಲಿನಲ್ಲಿ ವೈಭವದಿಂದ ಬಾಳಿ ಕಣ್ಮರೆಯಾಯಿತೆಂಬ ಕಲ್ಪನೆ ನನ್ನನ್ನು ಸೆರೆಹಿಡಿದಿತ್ತು. ಅದು ಕೇವಲ ಕಲ್ಪನೆಯೆಂಬುದು ಬಹುಕಾಲ ಹೊಳೆಯಲೇ ಇಲ್ಲ. ಅಲ್ಲಿಯ ಕಲ್ಲುಗಳನ್ನು ಅಲ್ಲಿಯ ಜನರೇ ಪೇರಿಸಿರಬಾರದೇಕೆ? ಈ ಪ್ರಶ್ನೆ ನನಗೆ ತೋರದೆ ಹೋದುದಕ್ಕೆ ನಾಚುವಂತೆ ಮಾಡಿದಾಕೆ ಗರ್ಟ್ರೂಡ್ ಕೇಟನ್-ಥಾಂಪ್ಸನ್.

ಆಫ್ರಿಕ ಖಂಡದ ದಕ್ಷಿಣ ಭಾಗದ ಗ್ರೇಟ್ ಜಿಂಬಾಬ್ವೆಯಲ್ಲಿ ಒಂದು ಮಹಾಪ್ರಾಕಾರವಿದೆ. ಸುತ್ತಳತೆ ಸುಮಾರು 250 ಮೀಟರ್. ಕೆಲವೆಡೆ ಎತ್ತರ 11 ಮೀಟರ್. ಗಾರೆಯ ಹನಿಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂತಿದೆ. 1871ರಲ್ಲಿ ಅದನ್ನು ಕಂಡ ಜರ್ಮನ್ ಸಂಚಾರಿ ಕಾರ್ಲ್ ಮೌಖ್ ಬಾಗಿಲಿನ ತೊಲೆಯಿಂದ ಒಂದು ಚಕ್ಕೆ ಕೆತ್ತಿದ. ಅದು ತನ್ನ ಪೆನ್ಸಿಲಿನ ಮರವನ್ನು ಹೋಲುತ್ತಿದ್ದಿತು. ಆದ್ದರಿಂದ ಅದು ಲೆಬನಾನಿನ ದೇವದಾರು. ಆದ್ದರಿಂದ ಕಟ್ಟಡವು ಶೀಬಾ ರಾಣಿಯದು! ಒಂದು ಪೆನ್ಸಿಲಿನಿಂದ ಇಷ್ಟು ಇತಿಹಾಸವನ್ನು ಬರೆದವರು ಬೇರೆ ಯಾರೂ ಇರಲಾರರು. ಮುಂದೆ ರಿಚರ್ಡ್ ಹಾಲ್ ಎಂಬಾತ ‘ಸ್ವಚ್ಛಗೊಳಿಸುವ’ ಹೆಸರಿನಲ್ಲಿ ಆಫ್ರಿಕನ್ನರ ವಾಸದ ಪದರಗಳನ್ನೇ ಅಡಿಗಟ್ಟಲೆ ಅಗೆದು ಹೊರಗೆಸೆದ. ಸಾಕ್ಷಿಯೇ ಕಸವಾಯಿತು. 1905ರಲ್ಲಿ ರಾಂಡಲ್-ಮೆಕೈವರ್ ಇದು ಆಫ್ರಿಕನ್ನರದೇ ಎಂದು ಹೇಳಿದರೂ ವಲಸಿಗರು ಒಪ್ಪಲಿಲ್ಲ.

ತನ್ನ 1929ರ ಸಭೆಗಾಗಿ ಬ್ರಿಟಿಷ್ ಅಸೋಸಿಯೇಷನ್ ಈ ವಿವಾದವನ್ನು ಕೇಟನ್-ಥಾಂಪ್ಸನ್‌ರಿಗೆ ಒಪ್ಪಿಸಿತು. 1888ರಲ್ಲಿ ಜನಿಸಿದ ಆಕೆ ಈ ವಿದ್ಯೆಗೆ ಬಂದುದು ಮೂವತ್ತು ದಾಟಿದ ಮೇಲೆ. ಈಜಿಪ್ಟಿನಲ್ಲಿ ಪೀಟ್ರಿಯವರ ಬಳಿ ಪಳಗಿ, ಫಯೂಮಿನ ಮರಳಿನಲ್ಲಿ ಭೂವಿಜ್ಞಾನಿ ಎಲಿನರ್ ಗಾರ್ಡ್‌ನರ್ ಜೊತೆ ದುಡಿದು, ಆರು ಸಾವಿರ ವರ್ಷಗಳಿಗೂ ಹಳೆಯ ಧಾನ್ಯದ ಹಗೇವುಗಳನ್ನು ಬೆಳಕಿಗೆ ತಂದಿದ್ದರು. ಜಿಂಬಾಬ್ವೆಗೆ ಆಕೆ ಕರೆದೊಯ್ದವರೂ ಇಬ್ಬರು ಸ್ತ್ರೀಯರೇ. ಅವರಲ್ಲೊಬ್ಬರು, ಮುಂದೆ ಜೆರಿಕೊ ಉತ್ಖನನದಿಂದ ಪ್ರಸಿದ್ಧರಾದ ಕ್ಯಾಥ್ಲೀನ್ ಕೆನ್ಯನ್.

ಆಕೆ ಮಾಡಿದುದು ಬಲು ಸರಳ. ನಿಧಿಶೋಧಕರು ಕೆಡಿಸದ ನೆಲವನ್ನು ಹುಡುಕಿ, ‘ಮಾಂಡ್’ ಎಂಬ ಪಾಳುನಿವೇಶನವನ್ನು ಪದರಪದರವಾಗಿ ಅಗೆದರು. ಮಣ್ಣಿನ ಗುಡಿಸಿಲುಗಳ ನೆಲಗಟ್ಟಿಗೂ ಕಲ್ಲುಗೋಡೆಗೂ ಇರುವ ಸಂಬಂಧವನ್ನು ಪರಿಶೀಲಿಸಿದರು. ಮಡಕೆಯ ಚೂರುಗಳೆಲ್ಲ ನೆಲದ ಮಕ್ಕಳವು. ಕಾಲವನ್ನು ಹೇಳಿದುವು ಸಾಸಿವೆಗಿಂತ ತುಸು ದೊಡ್ಡದಾದ ಗಾಜಿನ ಮಣಿಗಳು. ಕಡಲು ದಾಟಿ ಬಂದ ಅವುಗಳನ್ನು ನಮ್ಮ ದಕ್ಷಿಣ ಭಾರತದ ಮಣಿಗಳೊಡನೆಯೂ ಹೋಲಿಸಿ ನೋಡಲಾಯಿತು. ಸಾಲೊಮನ್ನನ ಕಾಲವೆಲ್ಲಿ, ಈ ಮಧ್ಯಯುಗದ ಮಣಿಗಳೆಲ್ಲಿ! ಕಟ್ಟಿದವರು ಆಫ್ರಿಕನ್ನರು, ಕಟ್ಟಿದುದು ಮಧ್ಯಯುಗದಲ್ಲಿ. ಗೋಡೆಗಳು 11ರಿಂದ 15ನೆಯ ಶತಮಾನದವೆಂದು ಇಂದಿನ ವಿದ್ವಾಂಸರು ಹೇಳುತ್ತಾರೆ.

ಅದೇ ವರ್ಷ ಸಭೆಯಲ್ಲಿ ಆಕೆ ಇದನ್ನು ಮಂಡಿಸಿದಾಗ ರೇಮಂಡ್ ಡಾರ್ಟ್ ಕೋಪದಿಂದ ಸಿಡಿದು, ಸಭೆಯಿಂದ ಹೊರನಡೆದರು. ಆದಿಮಾನವನ ಪೂರ್ವಜನು ಆಫ್ರಿಕದವನೆಂದು 1925ರಲ್ಲಿ ಜಗತ್ತಿಗೆ ಸಾರಿದಾತ ಇದೇ ಡಾರ್ಟ್! ಮಾನವಕುಲವನ್ನೇ ಹೆತ್ತ ನೆಲಕ್ಕೆ ಒಂದು ಗೋಡೆಯನ್ನು ಬಿಟ್ಟುಕೊಡಲು ಅವರಿಗೆ ಮನಸ್ಸು ಬರಲಿಲ್ಲ. ಅನಂತರ ಬಂದ ವಿಚಿತ್ರ ಪತ್ರಗಳಿಗೆ ಕೇಟನ್-ಥಾಂಪ್ಸನ್ ಒಂದು ಕಡತ ತೆರೆದು ಅದಕ್ಕೆ ‘ಹುಚ್ಚು’ ಎಂದು ಹೆಸರಿಟ್ಟರಂತೆ.

ಆಕೆಯನ್ನು ದೇವತೆಯಾಗಿಸುವ ಆಸೆ ನನಗಿಲ್ಲ. 1931ರ ತಮ್ಮ ಗ್ರಂಥದಲ್ಲಿ ಅದೇ ಶಿಲ್ಪವನ್ನು ಬಾಲಿಶ ಮನಸ್ಸಿನ ಸೃಷ್ಟಿಯೆಂಬಂತೆ ಆಕೆ ಕಂಡರು. ಆ ಮಾತು ಓದುವಾಗ ಇಂದಿಗೂ ಕಸಿವಿಸಿಯಾಗುತ್ತದೆ. ಕಾಲದ ಪೂರ್ವಗ್ರಹ ಆಕೆಯನ್ನೂ ಬಿಟ್ಟಿರಲಿಲ್ಲ. ಆದರೆ ಮಣ್ಣು ನುಡಿದುದನ್ನು ಆಕೆ ತಿದ್ದಲಿಲ್ಲ.

1965ರ ಬಳಿಕ ರೊಡೀಷಿಯದ ಬಿಳಿಯರ ಸರ್ಕಾರ ಸತ್ಯವನ್ನು ಮರೆಮಾಡಲು ಹವಣಿಸಿತು; ಸತ್ಯ ನುಡಿದ ಪೀಟರ್ ಗಾರ್ಲೇಕ್ 1970ರಲ್ಲಿ ದೇಶ ಬಿಡಬೇಕಾಯಿತು. 1980ರಲ್ಲಿ ಆ ನಾಡು ಸ್ವತಂತ್ರವಾಗಿ, ಅದೇ ಕಲ್ಲುಮನೆಗಳ ಹೆಸರನ್ನು ತನ್ನ ಹೆಸರಾಗಿಸಿಕೊಂಡಿತು. ಅಲ್ಲಿ ದೊರೆತ ಶಿಲಾಪಕ್ಷಿ ಅದರ ಧ್ವಜವನ್ನೇರಿತು. ಆಗ ಕೇಟನ್-ಥಾಂಪ್ಸನ್‌ರಿಗೆ 92 ವರ್ಷ. ಇನ್ನೂ ಐದು ವರ್ಷ ಆಕೆ ಬದುಕಿದ್ದರು.