ಮನೆಯಲ್ಲೇ ಕೂತು ನೇಯ್ದದ್ದು

‘ಕೈಯಿಂದ ಮಾಡಿದ್ದು’ ಎಂಬ ಮಾತಿಗೆ ಈಗ ಎಲ್ಲಿಲ್ಲದ ಮರ್ಯಾದೆ. ಸೋಪಿನ ಮೇಲೂ ಉಪ್ಪಿನಕಾಯಿ ಬಾಟಲಿಯ ಮೇಲೂ ಆ ಚೀಟಿ ಇರುತ್ತದೆ. ಓದಿ ಮೆಚ್ಚಿಕೊಂಡವರೇ ಬೆಲೆ ಕೇಳಿದೊಡನೆ ಹುಬ್ಬೇರಿಸುತ್ತಾರೆ. ಹೀಗೆ ಮೆಚ್ಚುಗೆಗೂ ಹುಬ್ಬಿಗೂ ನಡುವೆ ಸಿಕ್ಕಿಕೊಂಡಿರುವ ವಸ್ತುಗಳಲ್ಲಿ ನವಲಗುಂದದ ಜಮಖಾನವೂ ಒಂದು.

ಧಾರವಾಡ ಜಿಲ್ಲೆಯ ನವಲಗುಂದ ಎಂದರೆ ಹಲವರಿಗೆ 1980ರ ರೈತ ಬಂಡಾಯ ನೆನಪಾಗುತ್ತದೆ. ಅದೇ ಊರಿನ ಓಣಿಗಳಲ್ಲಿ, ಮನೆಯೊಳಗೆ, ಮುಸ್ಲಿಂ ಹೆಂಗಸರು ತಲೆಮಾರುಗಳಿಂದ ಹತ್ತಿನೂಲಿನ ಜಮಖಾನ ನೇಯುತ್ತ ಬಂದಿದ್ದಾರೆ. ಬಿಜಾಪುರದ ಆದಿಲ್‌ಶಾಹಿ ಕಾಲದಲ್ಲಿ ವಲಸೆ ಬಂದವರು ಈ ವಿದ್ಯೆ ತಂದರೆನ್ನುತ್ತಾರೆ. ಮಗ್ಗ ನೆಟ್ಟಗೆ ನಿಂತಿರುತ್ತದೆ. ಹಾಸಿನ ಎಳೆಗಳ ನಡುವೆ ಬಣ್ಣದ ನೂಲನ್ನು ಬೆರಳಿನಿಂದಲೇ ತೂರಿಸಿ, ಹಲ್ಲುಗಳಿರುವ ಪಂಜಾದಿಂದ ಬಡಿದು ಕೂರಿಸಬೇಕು. ನವಿಲು, ಪಗಡೆಯ ಹಾಸು ಇಲ್ಲಿಯ ಹೆಸರಾದ ವಿನ್ಯಾಸಗಳು. ಊರಿನ ಹೆಸರಿನಲ್ಲೇ ನವಿಲಿರುವಾಗ ಜಮಖಾನದಲ್ಲಿ ಅದು ಬಂದು ಕೂತದ್ದು ಸಹಜವೇ. ನಮಾಝಿಗೆಂದು ಜಾನಮಾಝ್ ಕೂಡ ನೇಯುತ್ತಾರೆ.

ನನ್ನ ತವರಿನಲ್ಲಿ ಇಂಥದೊಂದು ಜಮಖಾನವಿತ್ತು. ನಿಕಾಹ್‌ಗೂ ಅದೇ, ಸಾವಿನ ಮನೆಗೂ ಅದೇ. ನೆರೆಯವರು ಎರವಲು ಒಯ್ಯುತ್ತಿದ್ದರು. ಒಂದು ಬದಿ ಮಾಸಿದರೆ ಅಮ್ಮೀ ಮಗುಚಿ ಹಾಸುತ್ತಿದ್ದರು, ಎರಡೂ ಬದಿ ಒಂದೇ ಥರ. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಮಲಗಿದರೆ ನೆಲದ ತಂಪು ಮೆಲ್ಲಗೆ ಮೈಗೇರುತ್ತಿತ್ತು. ಪ್ಲಾಸ್ಟಿಕ್ ಚಾಪೆಯ ಮೇಲೆ ಮಲಗಿ ಎದ್ದರೆ ಬೆನ್ನಿಗೆ ಬರೆ ಮಾತ್ರ.

ಹುಬ್ಬಳ್ಳಿಯ ಒಂದು ಕರಕುಶಲ ಪ್ರದರ್ಶನದಲ್ಲಿ ನನ್ನ ಜೊತೆ ಬಂದಿದ್ದ ಟೀಚರೊಬ್ಬರು ಜಮಖಾನವನ್ನು ಸವರಿ ಸವರಿ ನೋಡಿದರು. ಮೂರು ಸಾವಿರ ಎಂದಾಗ ಕೈ ಹಿಂದೆ ಬಂತು.

“ಮನ್ಯಾಗ ಕುಂತು ಮಾಡೂದಲ್ಲೇನ್ರೀ, ಯಾಕಿಷ್ಟು ರೇಟು?”

ಮಾರಲು ಕೂತಿದ್ದಾಕೆ ನಕ್ಕರು. “ಹೌದ್ರೀ ಅಕ್ಕಾರ, ಮನ್ಯಾಗ ಕುಂತs ಮಾಡೂದು. ಬೆನ್ನು ಅಲ್ಲೂ ನೋಯ್ತೈತ್ರಿ.”

ಆ ಟೀಚರನ್ನು ನಾನು ದೂರುವುದಿಲ್ಲ. ಸಾಲದ ಕಂತು ಕಟ್ಟಿ ಉಳಿದ ಸಂಬಳದಲ್ಲಿ ಮೂರು ಸಾವಿರ ಸಣ್ಣ ಮೊತ್ತವಲ್ಲ. ನನಗೆ ಚುಚ್ಚಿದ್ದು ‘ಮನೆಯಲ್ಲಿ ಕೂತು’ ಎಂಬ ಮಾತು. ಗಂಡಸು ಹೊಸ್ತಿಲು ದಾಟಿ ಹೋದರೆ ಅದು ದುಡಿಮೆ. ಹೆಂಗಸು ಹೊಸ್ತಿಲ ಒಳಗೆ ಮಾಡಿದರೆ ಅದು ಬಿಡುವಿನ ಕೆಲಸ. ಬೀಡಿ ಕಟ್ಟಿದರೂ ಅಷ್ಟೆ, ಬ್ಲೌಸಿಗೆ ಕೈಹೊಲಿಗೆ ಹಾಕಿದರೂ ಅಷ್ಟೆ. ಬಿಡುವಿಗೆ ಕೂಲಿ ಯಾರು ಕೊಡುತ್ತಾರೆ?

ಸುಮ್ಮನೆ ಒಂದು ಲೆಕ್ಕ ಹಾಕಿ ನೋಡೋಣ. ಒಂದು ಜಮಖಾನಕ್ಕೆ ಒಬ್ಬಾಕೆಯ ಹತ್ತು ದಿನ ಎಂದಿಟ್ಟುಕೊಳ್ಳಿ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ ಇತ್ತು. ಆ ದರದಲ್ಲಿ ಕೂಲಿಯೇ 3490 ಆಯಿತು. ನೂಲು, ಬಣ್ಣ, ಬಸ್‌ಚಾರ್ಜು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಮಣ್ಣು ಹೊರಲು ಕುಶಲತೆ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಇಡೀ ನವಿಲನ್ನು ತಲೆಯಲ್ಲಿ ಇಟ್ಟುಕೊಂಡು ಎಳೆ ಎಣಿಸುವವಳಿಗೆ ಅಷ್ಟೂ ಗಿಟ್ಟದಿದ್ದರೆ ‘ದುಬಾರಿ’ ಎಂಬ ಪದವನ್ನು ಯಾರು ಯಾರಿಗೆ ಹೇಳಬೇಕು?

ಕಾನೂನು ಇಲ್ಲವೆಂದಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲೇ ಬಂತು, ಅದರ ಪಟ್ಟಿಯಲ್ಲಿ ಜಮಖಾನವೂ ಸೇರಿತು. ನವಲಗುಂದದ ಹೆಸರಿಗೆ ಜಿ.ಐ. ಮಾನ್ಯತೆಯೂ ಸಿಕ್ಕಿದೆ. ಬೇರೆ ಊರಿನವರು ಈ ಹೆಸರು ಬಳಸದಂತೆ ಅದು ತಡೆಯಬಹುದು; ಗಿರಾಕಿಯ ಜೇಬು ಬಿಚ್ಚಿಸದು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳಿಗೆ ತೆರಿಗೆಯೇ ಬೇಡವೆಂದು ರಂಗಕರ್ಮಿ ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕೂತರು. ಅಂದು ಅವರು ಕೇಳಿದ್ದು ನ್ಯಾಯವೆಂದೇ ನಾನು ಈಗಲೂ ನಂಬಿದ್ದೇನೆ.

ನಮ್ಮವರೇನು ಕಡಿಮೆಯಿಲ್ಲ. ಉಮ್ರಾಕ್ಕೆ ಹೋದವರು ತರುವುದು ಯಂತ್ರದಲ್ಲಿ ನೇಯ್ದ ಮಖಮಲ್ಲಿನ ಜಾನಮಾಝ್. ಹಾಗೆ ಬಂದವು ನನ್ನ ಕಪಾಟಿನಲ್ಲಿ ಆರಿವೆ. ನವಲಗುಂದದ್ದನ್ನು ಉಡುಗೊರೆಯಾಗಿ ಕೊಟ್ಟವರನ್ನು ನಾನು ಇನ್ನೂ ಕಂಡಿಲ್ಲ.

ಈ ನೇಯ್ಗೆಯ ಬಗ್ಗೆ ಒಂದು ಮಾತು ಪ್ರಸಿದ್ಧ: ಗುಟ್ಟನ್ನು ಹೆಣ್ಣುಮಕ್ಕಳಿಗೆ ಹೇಳಿಕೊಡುತ್ತಿರಲಿಲ್ಲ, ಸೊಸೆಯಂದಿರಿಗೆ ಮಾತ್ರ. ಮಗಳು ಮದುವೆಯಾಗಿ ಹೋದರೆ ವಿದ್ಯೆಯೂ ಬೇರೆ ಮನೆ ಸೇರುತ್ತದೆ ಎಂಬ ಭಯ. ಕಥೆ ಬರೆಯುವವಳಾದ ನನಗೆ ಇದು ಬಹಳ ದಿನ ಕಾಡಿತ್ತು. ತಾಯಿಯ ಪಂಜಾ ಸದ್ದು ಕೇಳುತ್ತಲೇ ಬೆಳೆದ ಹುಡುಗಿಗೆ ಆ ಮಗ್ಗ ತನ್ನದಲ್ಲ!

ಆ ಹೆಂಗಸನ್ನು ಉರ್ದುವಿನಲ್ಲಿ ಕೇಳಿದೆ, “ಬೇಟಿಗೆ ಕಲಿಸಿದ್ದೀರಾ ಆಪಾ?”

“ಕಲಿಸಬಾರದು ಅಂತಿತ್ತು. ಈಗ ಕಲಿಸ್ತೀನಿ ಬಾ ಅಂದರೂ ಕೂರೋದಿಲ್ಲ. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗ್ತಾಳೆ. ತಿಂಗಳು ಮುಗಿದರೆ ಸಂಬಳ ಬರುತ್ತೆ.”

“ಸೊಸೆ?”

“ಹುಡುಗಿ ನೋಡ್ತಾ ಇದ್ದೀವಿ,” ಎಂದು ಜಮಖಾನವನ್ನು ಮಡಚಿದರು. “ನೇಯ್ಗೆ ಇದೆ ಅಂತ ಮೊದಲೇ ಹೇಳೋದಿಲ್ಲ.”