ಹಳ್ಳದ ಆಚೆ ದಡ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಫೆಬ್ರುವರಿ ಮುಗಿಯುತ್ತ ಬಂದರೂ ಬಂಡೀಪುರದಲ್ಲಿ ಚಳಿ ಬಿಟ್ಟಿಲ್ಲ. ಜೀಪಿನ ಸರಳು ಹಿಡಿದರೆ ಅಂಗೈ ಮರಗಟ್ಟುತ್ತದೆ. ಹೆಡ್‌ಲೈಟಿನ ಬೆಳಕಿಗೆ ಸಿಕ್ಕ ಮತ್ತಿ, ದಿಂಡಿಗದ ಬೋಳು ಕೊಂಬೆಗಳು ಬೂದಿ ಬಳಿದುಕೊಂಡ ಹಾಗೆ ಕಂಡು ಹಿಂದೆ ಸರಿಯುತ್ತಿವೆ. ಎಲೆ ಉದುರಿಸಿಕೊಂಡ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಮುತ್ತುಗ ಮಾತ್ರ ಮೈತುಂಬ ಹೂ ಹೊತ್ತು ನಿಂತಿದೆ. ಬೆಳಕು ಹರಿಯುವ ತನಕ ಆ ಕೆಂಪೂ ಕಪ್ಪೇ.

ಎರಡು ದಾರಿ ಕೂಡುವಲ್ಲಿ ಜೀಪು ನಿಲ್ಲುತ್ತದೆ. ಮುಂದಿನ ಸೀಟಿನಲ್ಲಿದ್ದ ಜೇನುಕುರುಬರ ಅಣ್ಣ ಇಳಿದು, ಟಾರ್ಚು ಹಿಡಿದು ಕುಕ್ಕರಗಾಲಲ್ಲಿ ಕೂರುತ್ತಾರೆ. ದಾರಿಯ ನಟ್ಟನಡುವೆ ಆರೇಳು ಕಡೆ ಹಿಕ್ಕೆ ಬಿದ್ದಿದೆ. ಕಡ್ಡಿಯಿಂದ ಒಂದನ್ನು ಬಿಡಿಸುತ್ತಾರೆ. ಒಳಗೆ ಜಿಂಕೆಯ ಕೂದಲು, ಉಗುರಿನಷ್ಟು ಚಿಕ್ಕ ಮೂಳೆಯ ಚೂರು. ಕೆನ್ನಾಯಿಗಳು ಹೀಗೆ ದಾರಿ ಕೂಡುವ ಕಡೆಯೇ ಗುಂಪಾಗಿ ಹಿಕ್ಕೆ ಹಾಕುತ್ತವೆ. ಈ ಸೀಮೆ ನಮ್ಮದು ಎಂದು ಬೇರೆ ಗುಂಪಿಗೆ ಹೇಳುವ ರೀತಿ ಅದು.

"ನೆನ್ನೆ ಸಂಜೆದು ಸಾ. ಹಳ್ಳದ ಕಡೆಗೇ ಹೋಗವೆ" ಎಂದು ಅಣ್ಣ ಕಡ್ಡಿ ಎಸೆದು ಮೇಲೇಳುತ್ತಾರೆ.

ಸ್ಟಿಯರಿಂಗ್ ಹಿಡಿದಿರುವ ಛಾಯಾಗ್ರಾಹಕ ಗೆಳೆಯ ಏನೂ ಹೇಳುವುದಿಲ್ಲ. ಇದೇ ಗುಂಪಿನ ಹಿಂದೆ ಅವನು ಅಲೆಯುತ್ತಿರುವುದು ಇದು ಮೂರನೆಯ ಬೇಸಿಗೆ.

ಹಳ್ಳ ತಲುಪುವಾಗ ಕಾಡುಕೋಳಿ ಕೂಗುತ್ತಿದೆ. ನೀರಿಲ್ಲದ ಹಳ್ಳ, ಬರೀ ಮರಳು. ಈಚೆ ದಡದ ಲಂಟಾನದ ಮರೆಗೆ ಜೀಪು ನಿಲ್ಲಿಸಿ, ಮೇಲೆ ಹಸಿರು ಬಲೆ ಹೊದಿಸಿ, ಎಂಜಿನ್ ಆರಿಸುತ್ತಾನೆ. ಕಿಟಕಿಯ ಅಂಚಿಗೆ ಅಕ್ಕಿ ತುಂಬಿದ ದಪ್ಪ ಬಟ್ಟೆಯ ಚೀಲ ಇಟ್ಟು, ನಡುವೆ ಅಂಗೈಯಿಂದ ಗುದ್ದಿ ಗುಳಿ ಮಾಡಿ, ಅದರಲ್ಲಿ ಉದ್ದನೆಯ ಲೆನ್ಸನ್ನು ಕೂರಿಸುತ್ತಾನೆ, ತೊಟ್ಟಿಲಲ್ಲಿ ಮಗುವನ್ನು ಮಲಗಿಸಿದ ಹಾಗೆ. ಆಚೆ ದಡ ಇಲ್ಲಿಂದ ನೂರೈವತ್ತು ಮೀಟರ್. ಅಲ್ಲೊಂದು ಬಂಡೆಗಳ ರಾಶಿ, ಬುಡದಲ್ಲಿ ಕಪ್ಪಗೆ ಬಾಯ್ದೆರೆದ ಪೊಟರೆ. ಇದಕ್ಕಿಂತ ಒಂದು ಮಾರು ಮುಂದೆ ಹೋಗಬಾರದೆನ್ನುವುದು ಅವನು ತನಗೇ ಹಾಕಿಕೊಂಡ ಕಟ್ಟಳೆ.

ಬನ್ನಿ, ವ್ಯೂಫೈಂಡರಿಗೆ ಕಣ್ಣಿಡಿ. ಮೊದಲು ಮಂಜು, ಆಮೇಲೆ ಬಂಡೆಯ ಮೇಲಿನ ಹಾವಸೆ. ಇನ್ನೂ ಸ್ವಲ್ಪ ತಡೆದರೆ, ಬಂಡೆಯದೇ ತುಂಡು ಅಂದುಕೊಂಡಿದ್ದೊಂದು ಕಿವಿ ಅಲ್ಲಾಡಿಸುತ್ತದೆ. ಕೆಮ್ಮಣ್ಣಿನ ಬಣ್ಣದ ಮೈ, ದುಂಡು ಕಿವಿ, ಕಪ್ಪು ಪೊದೆ ಬಾಲ. ಪಕ್ಕದಲ್ಲಿ ಇನ್ನೊಂದು, ಹಿಂದೆ ಎರಡು. ಒಟ್ಟು ಒಂಬತ್ತು. ಬಲಗಿವಿ ಹರಿದಿರುವುದು ತಾಯಿ. ಬಾಲದ ತುದಿಯಲ್ಲಿ ಬೆರಳಿನಷ್ಟು ಬಿಳಿ ಇರುವುದು ಹೋದ ವರ್ಷದ ಮರಿ, ಈಗ ದೊಡ್ಡದಾಗಿದೆ. ಗುರುತು ಸಿಕ್ಕಿತೋ ಇಲ್ಲವೋ, ನೋಟವೇ ಬದಲಾಗುತ್ತದೆ. ಅಲ್ಲಿಯವರೆಗೆ ಅವು ಕೆನ್ನಾಯಿಗಳು. ಆಮೇಲೆ ಯಾರು ಎದ್ದರು, ಯಾರು ಯಾರ ಮೂತಿ ನೆಕ್ಕಿದರು ಎಂದು ಮನಸ್ಸು ಲೆಕ್ಕ ಇಡತೊಡಗುತ್ತದೆ.

ಹೀಗೆ ಒಂದೊಂದನ್ನೂ ಗುರುತಿಟ್ಟು ನೋಡುವ ಕೆಲಸ ಈ ಕಾಡಿಗೆ ಹೊಸದಲ್ಲ. ಎ.ಜೆ.ಟಿ. ಜಾನ್‌ಸಿಂಗ್ 1976ರಿಂದ 78ರವರೆಗೆ ಬಂಡೀಪುರದಲ್ಲಿ ಕೆನ್ನಾಯಿಗಳನ್ನು ನಡೆದೇ ಹಿಂಬಾಲಿಸಿದರು. ಕಾಡಿನ ದೊಡ್ಡ ಸಸ್ತನಿಯೊಂದರ ಬಗ್ಗೆ ಭಾರತೀಯ ವಿಜ್ಞಾನಿಯೊಬ್ಬರು ಮಾಡಿದ ಮೊದಲ ಆಳವಾದ ಅಧ್ಯಯನ ಅದು. ಆಮೇಲೆ ನಮ್ಮ ಕೃಪಾಕರ–ಸೇನಾನಿ ವರ್ಷಗಟ್ಟಲೆ ಇವುಗಳ ಜಾಡು ಹಿಡಿದು ಚಿತ್ರ ಮಾಡಿದರು. ಅವರ 'ದ ಪ್ಯಾಕ್' 2010ರಲ್ಲಿ ವೈಲ್ಡ್‌ಸ್ಕ್ರೀನ್ ಉತ್ಸವದಲ್ಲಿ ಗ್ರೀನ್ ಆಸ್ಕರ್ ಎಂದೇ ಹೆಸರಾದ ಪ್ರಶಸ್ತಿ ಪಡೆಯಿತು. ಆ ಸುದ್ದಿ ಓದಿದ ದಿನ ನನಗಾದ ಸಂತೋಷ ಈಗಲೂ ನೆನಪಿದೆ. ಹುಲಿಗೆ ಸಿಕ್ಕಿತ್ತು, ಆನೆಗೆ ಸಿಕ್ಕಿತ್ತು. ಯಾರಿಗೂ ಬೇಡವಾಗಿದ್ದ ಈ ಪ್ರಾಣಿಯನ್ನೂ ಕೊನೆಗೆ ಯಾರೋ ಕೂತು ನೋಡಿದ್ದರು.

ಆರೂ ಮುಕ್ಕಾಲಿಗೆ ಹರಿದ ಕಿವಿಯವಳು ಎದ್ದು ಮೈ ಮುರಿಯುತ್ತಾಳೆ. ಅಷ್ಟೇ ಸಾಕು. ಒಂಬತ್ತೂ ಎದ್ದು ಒಂದರ ಮೇಲೊಂದು ಬೀಳುತ್ತವೆ, ಮೂತಿಗೆ ಮೂತಿ ಉಜ್ಜುತ್ತವೆ, ಬಾಲ ಬೀಸುತ್ತವೆ. ಬೇಟೆಗೆ ಹೊರಡುವ ಮೊದಲಿನ ಸಡಗರ. ಮೂರು ನಿಮಿಷದಲ್ಲಿ ಎಂಟು ನಾಯಿ ಸಾಲು ಹಿಡಿದು ಲಂಟಾನದೊಳಗೆ ಕರಗುತ್ತವೆ. ಬಿಳಿ ತುದಿಯದು ಮಾತ್ರ ನಾಲ್ಕು ಹೆಜ್ಜೆ ಹೋಗಿ, ನಿಂತು, ತಿರುಗಿ ಬಂದು ಪೊಟರೆಯ ಬಾಯಿಗೆ ಅಡ್ಡ ಕೂರುತ್ತದೆ. ಇವತ್ತು ಮರಿ ಕಾಯುವ ಪಾಳಿ ಅದರದು.

ಆಮೇಲೆ ಏನೂ ಇಲ್ಲ. ಏನೂ ಎಂದರೆ ಏನೂ. ಮಂಗಟ್ಟೆಯೊಂದು ರೆಕ್ಕೆ ಸದ್ದು ಮಾಡುತ್ತ ದಾಟುತ್ತದೆ. ಕಾಲು ಜೋಮು ಹಿಡಿಯುತ್ತದೆ. ಫ್ಲಾಸ್ಕಿನ ಮುಚ್ಚಳ ತೆಗೆದರೆ ಸದ್ದಾದೀತೆಂದು ಚಹಾ ಹಾಗೇ ಆರುತ್ತಿದೆ. 'ವೈಲ್ಡ್ ಕರ್ನಾಟಕ' ಸಾಕ್ಷ್ಯಚಿತ್ರಕ್ಕೆ ನಾಲ್ಕು ವರ್ಷ ಚಿತ್ರೀಕರಿಸಿದರು, ನಾವು ನೋಡಿದ್ದು ಒಂದು ಗಂಟೆಗೂ ಕಡಿಮೆ. ಉಳಿದದ್ದೆಲ್ಲ ಇಂಥ ಬೆಳಗುಗಳೇ ಇರಬೇಕು.

ಆಗ ಕೇಳಿಸುತ್ತದೆ. ದೂರದಲ್ಲಿ, ತೆಳ್ಳಗೆ, ಯಾರೋ ಹುಡುಗ ತುಟಿ ಸುತ್ತಿ ಶಿಳ್ಳೆ ಹಾಕಿದಂತೆ. ಇನ್ನೊಂದು ದಿಕ್ಕಿನಿಂದ ಅದಕ್ಕೆ ಮಾರುತ್ತರ. ಕೆನ್ನಾಯಿ ನಮ್ಮೂರ ನಾಯಿಯ ಹಾಗೆ ಬೊಗಳುವುದಿಲ್ಲ. ಪೊದೆಗಾಡಿನಲ್ಲಿ ಚದುರಿದರೆ ಈ ಶಿಳ್ಳೆಯಿಂದಲೇ ಮತ್ತೆ ಕೂಡುತ್ತವೆ. ಪೊಟರೆಯ ಮುಂದಿನ ಕಾವಲುಗಾರ ಎರಡೂ ಕಿವಿ ನಿಮಿರಿಸಿ ಕೂತಿದೆ. ಒಂದು ಜಿಂಕೆ ಎಚ್ಚರಿಕೆಯ ಕೂಗು ಹಾಕುತ್ತದೆ, ಮತ್ತೊಂದು ದನಿಗೂಡಿಸುತ್ತದೆ. ತರಗೆಲೆ ಸಿಡಿಯುವ ಸದ್ದು, ಗೊರಸಿನ ಸದ್ದು. ಆಮೇಲೆ ಮೌನ.

"ಹೊಡ್ದವೆ ಸಾ" ಅಣ್ಣ ಪಿಸುಗುಡುತ್ತಾರೆ. "ಕಾಗೆ ಇಳಿತಾವೆ ನೋಡಿ."

ಗೆಳೆಯ ಕೀಲಿಗೆ ಕೈ ಹಾಕುವುದಿಲ್ಲ. ಜೀಪು ಹೊರಡಿಸಿದ್ದರೆ ಬೇಟೆ ಸಿಗುತ್ತಿತ್ತೇನೋ. ಬೇಟೆಯ ದೃಶ್ಯವಿದ್ದರೆ ಚಿತ್ರ ಬೇಗ ಮಾರಾಟವಾಗುತ್ತದೆ ಎನ್ನುವುದು ಅವನಿಗೂ ಗೊತ್ತು. ಆದರೆ ಈ ಪ್ರಾಣಿಗೆ ಕೆಟ್ಟ ಹೆಸರು ತಂದದ್ದೇ ಆ ಒಂದು ದೃಶ್ಯ. ಹುಲಿ ಗಂಟಲು ಹಿಡಿದು ಕೊಲ್ಲುತ್ತದೆ. ಹದಿನೈದು ಕಿಲೋ ತೂಗುವ ಕೆನ್ನಾಯಿಗೆ ತನ್ನ ಮೂರರಷ್ಟು ತೂಕದ ಜಿಂಕೆಯನ್ನು ಹಾಗೆ ಹಿಡಿದು ನಿಲ್ಲಿಸುವ ಬಲವಿಲ್ಲ. ಹಿಂದಿನಿಂದ, ಪಕ್ಕೆಯಿಂದ ಸೀಳಿ ಬೀಳಿಸುತ್ತದೆ. ಸೀಳುನಾಯಿ ಎಂಬ ಹೆಸರು ಬಂದದ್ದು ಹಾಗೆ. ಹುಲಿ, ಚಿರತೆ ಬಂದು ಕಸಿಯುವ ಮೊದಲು ತಿಂದು ಮುಗಿಸಬೇಕಾದ್ದರಿಂದ ಅವಸರ. ಬ್ರಿಟಿಷ್ ಶಿಕಾರಿಗಳು ಅದನ್ನು ನೋಡಿ ಕ್ರೂರಿ ಎಂದು ಬರೆದರು. ಕಂಡಲ್ಲಿ ಗುಂಡು ಹೊಡೆದು, ಚರ್ಮ ತಂದವರಿಗೆ ಇನಾಮು ಕೊಟ್ಟರು. ಸ್ವಾತಂತ್ರ್ಯ ಬಂದ ಮೇಲೂ ಅದೇ ನಡೆಯಿತು. 1972ರ ವನ್ಯಜೀವಿ ಕಾಯಿದೆ ಬರುವ ತನಕ ಕೆನ್ನಾಯಿ ಕೊಂದರೆ ಕೇಳುವವರಿರಲಿಲ್ಲ. ಕೊಂದವರು ಯಾರೂ ಪೊಟರೆಯ ಮುಂದೆ ಒಂದು ಬೆಳಗು ಕೂತಿರಲಿಲ್ಲ ಎನ್ನುವುದೇ ನನ್ನ ಸಂಕಟ.

ಎಂಟಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಎಂಟೂ ವಾಪಸು. ಹೊಟ್ಟೆ ಉಬ್ಬಿ ನಡಿಗೆ ಭಾರವಾಗಿದೆ, ಎದೆಯ ಬಿಳಿ ಕೂದಲು ಕೆಂಪಾಗಿದೆ. ಹರಿದ ಕಿವಿಯವಳು ಪೊಟರೆಯ ಮುಂದೆ ನಿಂತು ಕುಂಯ್ ಎನ್ನುತ್ತಾಳೆ. ಕತ್ತಲೊಳಗಿಂದ ಮರಿಗಳು ಉರುಳಿಕೊಂಡೇ ಬರುತ್ತವೆ. ಒಂದು, ಎರಡು, ನಾಲ್ಕು... ಆರು. ಇನ್ನೂ ಕೆಂಪು ಬಣ್ಣ ಬಂದಿಲ್ಲ. ಮಸಿ ಮೆತ್ತಿದಂಥ ಕಂದು, ಸೊಟ್ಟ ಕಾಲು, ಹೊಟ್ಟೆ ನೆಲಕ್ಕೆ ತಾಗುವಷ್ಟು. ಎಲ್ಲವೂ ಅವಳ ಬಾಯಿಯ ಮೂಲೆಗೆ ಮೂತಿ ಇಟ್ಟು ನೆಕ್ಕುತ್ತವೆ. ಅವಳು ತಲೆ ತಗ್ಗಿಸುತ್ತಾಳೆ, ಪಕ್ಕೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ಒಂದು ಅಲೆ ಹೊಟ್ಟೆಯಿಂದ ಕುತ್ತಿಗೆಗೆ ಏರುತ್ತದೆ. ಬಾಯಿಂದ ಮಾಂಸ ನೆಲಕ್ಕೆ ಬೀಳುತ್ತದೆ. ಚಳಿಯಲ್ಲಿ ಅದರಿಂದ ಹಬೆ ಏಳುವುದು ಇಲ್ಲಿಗೂ ಕಾಣಿಸುತ್ತದೆ.

ಅವಳದಾದ ಮೇಲೆ ಇನ್ನೊಂದು, ಮತ್ತೊಂದು. ಹೆತ್ತವರೇ ಅಲ್ಲ, ಅಕ್ಕ ಅಣ್ಣಂದಿರೂ ಕಕ್ಕಿ ಕೊಡುತ್ತಾರೆ. ಮರಿಗಳು ಎಳೆದಾಡುತ್ತ ತಿನ್ನುವಷ್ಟು ಹೊತ್ತು ದೊಡ್ಡವು ಸುತ್ತ ನಿಂತು ಬೇರೆಲ್ಲೋ ನೋಡುತ್ತಿರುತ್ತವೆ.

ಕಾವಲಿದ್ದ ಬಿಳಿ ತುದಿಯದು ಇನ್ನೂ ಕದಲಿಲ್ಲ. ಬೆಳಗಿನಿಂದ ಏನೂ ತಿಂದಿಲ್ಲ. ಗುಂಪಿನ ದೊಡ್ಡ ಗಂಡು ನಿಧಾನಕ್ಕೆ ಅದರತ್ತ ನಡೆಯುತ್ತದೆ. ಬಿಳಿ ತುದಿಯದು ಮೈ ಕುಗ್ಗಿಸಿ, ಕಿವಿ ಹಿಂದಕ್ಕೆ ಮಡಚಿ, ಮರಿಯ ಹಾಗೆಯೇ ಅದರ ಬಾಯಿಯ ಅಂಚು ನೆಕ್ಕುತ್ತದೆ. ಗಂಡು ತಲೆ ತಗ್ಗಿಸುತ್ತದೆ. ಮನೆ ಕಾದವರ ಪಾಲು ಅದು.

ಲೆನ್ಸಿನ ಹಿಂದಿರುವ ಗೆಳೆಯನ ಉಸಿರು ನಿಂತ ಹಾಗಿದೆ. ಕ್ಯಾಮೆರಾದ ಮೂಲೆಯಲ್ಲಿ ಕೆಂಪು ಚುಕ್ಕೆ ಉರಿಯುತ್ತಿದೆ. ಈ ನಲವತ್ತು ಸೆಕೆಂಡು ನಾಳೆ ಪರದೆಯ ಮೇಲೆ ಬಂದಾಗ ನೆಕ್ಕುವ ಸದ್ದು ಸ್ಟುಡಿಯೋದಲ್ಲಿ ಸೇರಿಸಿದ್ದಾಗಿರುತ್ತದೆ, ಯಾಕೆಂದರೆ ನೂರೈವತ್ತು ಮೀಟರಿನಾಚೆಯ ಸದ್ದು ಮೈಕಿಗೆ ಹಾಗೆ ಸಿಗುವುದಿಲ್ಲ. ಅದಕ್ಕೆ ನನ್ನ ತಕರಾರಿಲ್ಲ. ನೋಡಿದ್ದು ನಿಜವಾದರೆ ಸಾಕು.

ಮರುದಿನ ಅದೇ ಹೊತ್ತು, ಅದೇ ಲಂಟಾನ, ಅದೇ ಅಕ್ಕಿ ಚೀಲ. ಬಿಸಿಲು ಬಂಡೆಯ ನೆತ್ತಿಗೆ ಬಂದರೂ ಒಂದು ಕಿವಿಯೂ ಅಲ್ಲಾಡುವುದಿಲ್ಲ. ಪೊಟರೆಯ ಬಾಯಲ್ಲಿ ನೊಣ ಹಾರುತ್ತಿವೆ. ಒಂಬತ್ತಕ್ಕೆ ಅಣ್ಣ ಹಳ್ಳಕ್ಕಿಳಿದು ಮರಳಿನ ಮೇಲೆ ಬಗ್ಗುತ್ತಾರೆ. ದೊಡ್ಡ ಹೆಜ್ಜೆಗಳ ನಡುವೆ ಎರಡು ರೂಪಾಯಿ ನಾಣ್ಯದಷ್ಟು ಹೆಜ್ಜೆಗಳು, ಅಡ್ಡಾದಿಡ್ಡಿಯಾಗಿ, ಹಳ್ಳದ ಮೇಲ್ಗಡೆಗೆ ಹೋಗಿವೆ.

"ಮನೆ ಬದ್ಲಾಯ್ಸವೆ. ರಾತ್ರಿ ಚಿರತೆ ಬಂದಿತ್ತೋ ಏನೋ." ಸ್ವಲ್ಪ ತಡೆದು, "ಜಾಡು ಹಿಡ್ದು ಹೋದ್ರೆ ಮಧ್ಯಾಹ್ನದೊಳ್ಗೆ ಸಿಕ್ತವೆ ಸಾ" ಎನ್ನುತ್ತಾರೆ.

ಗೆಳೆಯ ಆ ಪುಟ್ಟ ಹೆಜ್ಜೆಗಳನ್ನು ಬಹಳ ಹೊತ್ತು ನೋಡುತ್ತಾನೆ. ಮರಿಗಳು ಬಿಸಿಲಿಗೆ ಆಡುವುದು, ಮೊದಲ ಸಲ ಗುಂಪಿನ ಜೊತೆ ಹೊರಡುವುದು, ಎಲ್ಲ ಇನ್ನೂ ಚಿತ್ರೀಕರಿಸಬೇಕಿದೆ.

"ಬೇಡ ಅಣ್ಣ. ನಾವು ಹೋದ್ರೆ ಮತ್ತೆ ಎತ್ಕೊಂಡು ಓಡ್ತವೆ."

ಕಿಟಕಿಯಿಂದ ಅಕ್ಕಿ ಚೀಲ ಇಳಿಸಿ, ಬಲೆ ಮಡಚಿ, ಜೀಪನ್ನು ಹಿಂದಕ್ಕೆ ತೆಗೆಯುತ್ತಾನೆ. ಹಳ್ಳದ ಮೇಲ್ಗಡೆ, ಎಲ್ಲೋ, ಒಂದು ಶಿಳ್ಳೆ. ಅಣ್ಣ ಆ ಕಡೆ ತಿರುಗಿಯೂ ನೋಡದೆ ಬಾಗಿಲು ಎಳೆದುಕೊಳ್ಳುತ್ತಾರೆ.